ಮಕ್ಕಳ ಮೆಡಿಕಲ್ ಸೀಟು: ಮನೆಯವರ ಪಾಲಿನ ಕೆಲಸ ಯಾವುದು?

ಪಿಯುಸಿ ವಿಜ್ಞಾನ ಓದುತ್ತಿರುವ ಮಗಳು ಡಾಕ್ಟರಾಗಬೇಕು ಅನ್ನುತ್ತಿದ್ದಾಳೆ. ಓದುವ ಕೆಲಸ ಅವಳದೇ. ಅದನ್ನು ಹಂಚಿಕೊಳ್ಳಲು ನಿಮ್ಮಿಂದ ಆಗುವುದಿಲ್ಲ. ಆದರೆ ಅರ್ಜಿ, ದಾಖಲೆ, ಹಣದ ಲೆಕ್ಕ, ಕಾಲೇಜುಗಳ ಪಟ್ಟಿ, ಕೊನೆಯ ದಿನಾಂಕಗಳು ಇವೆಲ್ಲ ಮನೆಯ ದೊಡ್ಡವರು ಹೊರಬಹುದಾದ ಹೊರೆ. ಒಳ್ಳೆಯ ರ‍್ಯಾಂಕ್ ಬಂದೂ ಒಂದು ಪ್ರಮಾಣಪತ್ರದ ದೋಷದಿಂದ ಮೀಸಲಾತಿ ಕೈತಪ್ಪುವುದುಂಟು. ಸರಿಯಾಗಿ ತಿಳಿಯದೆ ತುಂಬಿದ ಪಟ್ಟಿಯಿಂದ ಬೇಡದ ಕಾಲೇಜು ಸಿಗುವುದೂ ಉಂಟು. ಮಗು ದುಡಿದು ಗಳಿಸಿದ ಅಂಕ ಹೀಗೆ ವ್ಯರ್ಥವಾಗಬಾರದು.

ಮೊದಲು ಪರೀಕ್ಷೆಯ ವಿಚಾರ. ದೇಶದ ಯಾವುದೇ ಕಾಲೇಜಿನಲ್ಲಿ ಎಂಬಿಬಿಎಸ್ ಸೇರಲು ನೀಟ್ ಬರೆಯಲೇಬೇಕು. ಇದನ್ನು ನಡೆಸುವುದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ, ಅಂದರೆ ಎನ್‌ಟಿಎ. 2025ರಲ್ಲಿ 180 ಪ್ರಶ್ನೆ, 180 ನಿಮಿಷ, 720 ಅಂಕಗಳಿದ್ದವು. ಭೌತವಿಜ್ಞಾನದಿಂದ 45, ರಸಾಯನವಿಜ್ಞಾನದಿಂದ 45, ಜೀವವಿಜ್ಞಾನದಿಂದ 90 ಪ್ರಶ್ನೆ. ಸರಿ ಉತ್ತರಕ್ಕೆ 4 ಅಂಕ ಸಿಗುತ್ತದೆ, ತಪ್ಪಾದರೆ 1 ಅಂಕ ಕಳೆಯುತ್ತದೆ. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಪಿಯುಸಿಯಲ್ಲಿ ಭೌತ, ರಸಾಯನ, ಜೀವವಿಜ್ಞಾನ ಸೇರಿ ಸಾಮಾನ್ಯ ವರ್ಗಕ್ಕೆ ಶೇ 50, ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳಿಗೆ ಶೇ 40 ಅಂಕ ಬೇಕು. ಹಾಗಾಗಿ ನೀಟ್ ಕೋಚಿಂಗ್ ಭರದಲ್ಲಿ ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸುವಂತಿಲ್ಲ.

ಕನ್ನಡದಲ್ಲಿ ಬರೆಯಬಹುದೇ? ಬರೆಯಬಹುದು. ನೀಟ್ ಪ್ರಶ್ನೆಪತ್ರಿಕೆ 13 ಭಾಷೆಗಳಲ್ಲಿ ಬರುತ್ತದೆ, ಅದರಲ್ಲಿ ಕನ್ನಡವೂ ಒಂದು. ಕನ್ನಡ ಆರಿಸಿದರೆ ಪ್ರಶ್ನೆಗಳು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇರುತ್ತವೆ. ಆದರೆ ಪರೀಕ್ಷಾ ಕೇಂದ್ರ ಕರ್ನಾಟಕದಲ್ಲೇ ಇರಬೇಕು. ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಆವೃತ್ತಿಯೇ ಅಂತಿಮ. ಪಿಯುಸಿಯನ್ನು ಇಂಗ್ಲಿಷಿನಲ್ಲೇ ಓದಿದ ಮಗುವಿಗೆ ವಿಜ್ಞಾನದ ಕನ್ನಡ ಪಾರಿಭಾಷಿಕ ಪದಗಳು ಹೊಸದಾಗಿ ಕಾಣಬಹುದು. ಹಳೆಯ ಕನ್ನಡ ಪ್ರಶ್ನೆಪತ್ರಿಕೆಯೊಂದನ್ನು ಓದಿಸಿ ನೋಡಿ, ಆಮೇಲೆ ತೀರ್ಮಾನ ಅವಳಿಗೇ ಬಿಡಿ.

ಅರ್ಜಿ ಸಾಮಾನ್ಯವಾಗಿ ಫೆಬ್ರುವರಿ–ಮಾರ್ಚ್ ತಿಂಗಳಲ್ಲಿ ತೆರೆಯುತ್ತದೆ. 2025ರಲ್ಲಿ ಶುಲ್ಕ ಸಾಮಾನ್ಯ ವರ್ಗಕ್ಕೆ 1,700 ರೂಪಾಯಿ, ಒಬಿಸಿ ಮತ್ತು ಆರ್ಥಿಕವಾಗಿ ಹಿಂದುಳಿದವರಿಗೆ 1,600, ಪರಿಶಿಷ್ಟರಿಗೆ ಮತ್ತು ಅಂಗವಿಕಲರಿಗೆ 1,000 ಇತ್ತು. ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿಸುವುದಾದರೆ ಒಂದು ಮಾತು. ಅಲ್ಲಿಯವರ ಮೊಬೈಲ್ ನಂಬರ್, ಇ–ಮೇಲ್ ಹಾಕಲು ಬಿಡಬೇಡಿ. ಒಟಿಪಿ, ಅಂದರೆ ಒಮ್ಮೆ ಮಾತ್ರ ಬಳಸುವ ಗುಪ್ತಸಂಖ್ಯೆ, ಅದೇ ನಂಬರಿಗೆ ಬರುತ್ತದೆ. ಪಾಸ್‌ವರ್ಡ್ ಮರೆತರೆ ಹೊಸದು ಬರುವುದೂ ಅಲ್ಲಿಗೇ. ತಿಂಗಳುಗಳ ನಂತರ ಸೀಟು ಹಂಚಿಕೆ ನಡೆಯುವಾಗ ಆ ನಂಬರ್ ಯಾರ ಕೈಯಲ್ಲಿರುತ್ತದೋ ಯಾರು ಬಲ್ಲರು? ಮನೆಯ ನಂಬರ್ ಕೊಡಿ. ಅದಕ್ಕೆ ರೀಚಾರ್ಜ್ ತಪ್ಪದಂತೆ ನೋಡಿಕೊಳ್ಳಿ. ಪಾಸ್‌ವರ್ಡನ್ನು ಪುಸ್ತಕದಲ್ಲಿ ಬರೆದಿಡಿ.

ಹೆಸರನ್ನೂ ಒಮ್ಮೆ ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ. ಒಂದರಲ್ಲಿ ತಂದೆಯ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಅಕ್ಷರ. ನಮ್ಮ ಕಡೆ ಇದು ತೀರಾ ಸಾಮಾನ್ಯ. ಆಧಾರ್ ತಿದ್ದುಪಡಿಗೆ ದಿನಗಳು ಹಿಡಿಯುತ್ತವೆ. ಅರ್ಜಿ ಬರುವ ಮೊದಲೇ ಮುಗಿಸಿಕೊಳ್ಳಿ.

ನೀಟ್ ಅರ್ಜಿ ಹಾಕಿದರೆ ಮುಗಿಯಿತು ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ರಾಜ್ಯದ ಸೀಟುಗಳನ್ನು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಎಲ್ಲರೂ ಕೆಇಎ ಎಂದು ಕರೆಯುವ ಸಂಸ್ಥೆ. ಅಲ್ಲಿಯೂ ನೋಂದಣಿ ಆಗಬೇಕು. ಇದೇ ಸಂಸ್ಥೆ ಸಿಇಟಿ ನಡೆಸುತ್ತದೆ. ಮೆಡಿಕಲ್ ಒಂದೇ ಗುರಿ ಎಂದಿದ್ದರೂ ಸಿಇಟಿ ಬರೆಸಿ. ಪಶುವೈದ್ಯಕೀಯ, ಬಿಎಸ್ಸಿ ನರ್ಸಿಂಗ್, ಕೃಷಿ ವಿಜ್ಞಾನ, ಫಾರ್ಮಸಿ ಕೋರ್ಸುಗಳ ರಾಜ್ಯದ ಸೀಟಿಗೆ ಅದೇ ದಾರಿ.

ಇನ್ನು ದಾಖಲೆಗಳು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ರಾಜ್ಯ ಕೋಟಾಕ್ಕೆ ಅರ್ಹತೆ ಪಡೆಯುವ ಮುಖ್ಯ ದಾರಿ ಇದು: 1ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಅವಧಿಯಲ್ಲಿ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಜೊತೆಗೆ ಎಸ್ಸೆಸ್ಸೆಲ್ಸಿ ಇಲ್ಲವೇ ಪಿಯುಸಿಯನ್ನು ಇಲ್ಲಿಯೇ ಪಾಸಾಗಿರಬೇಕು. ಕಾಸರಗೋಡು, ಅಕ್ಕಲಕೋಟೆ, ಜತ್ತದಂಥ ಗಡಿನಾಡ ಕನ್ನಡಿಗರ ಮಕ್ಕಳಿಗೆ ಮತ್ತು ಹೊರನಾಡ ಕನ್ನಡಿಗರ ಮಕ್ಕಳಿಗೆ ಬೇರೆ ಷರತ್ತುಗಳಿವೆ. ಅವರು ಕೆಇಎ ನಡೆಸುವ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು.

ಹಳ್ಳಿಯ ಶಾಲೆಯಲ್ಲಿ 1ರಿಂದ 10ರವರೆಗೆ ಓದಿದವರಿಗೆ ಶೇ 15ರ ಗ್ರಾಮೀಣ ಮೀಸಲಾತಿ ಇದೆ. ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲು. ಒಂದೇ ವರ್ಷ ಪಟ್ಟಣದ ಶಾಲೆಯಲ್ಲಿ ಕಳೆದಿದ್ದರೂ ಗ್ರಾಮೀಣ ಮೀಸಲಾತಿ ಸಿಗುವುದಿಲ್ಲ. ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಬೇಕಾಗುತ್ತದೆ. ಮಗು ಮೂರು ಶಾಲೆ ಬದಲಿಸಿದ್ದರೆ ಮೂರೂ ಕಡೆ ಹೋಗಬೇಕು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರು ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ಪಡೆಯಬೇಕು. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟು ಅವರಿಗೆ ಮೀಸಲು. ಇಷ್ಟು ದೊಡ್ಡ ಅವಕಾಶ ಒಂದು ಕಾಗದದ ಮೇಲೆ ನಿಂತಿದೆ.

ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲ್ಭಾಗದಲ್ಲಿ ಆರ್‌ಡಿ ಎಂದು ಶುರುವಾಗುವ ಉದ್ದನೆಯ ಸಂಖ್ಯೆ ಇರುತ್ತದೆ. ಕೆಇಎ ಆ ಸಂಖ್ಯೆಯಿಂದಲೇ ಕಂದಾಯ ಇಲಾಖೆಯ ದಾಖಲೆಯನ್ನು ತಾಳೆ ನೋಡುತ್ತದೆ. ಒಂದು ಅಂಕಿ ತಪ್ಪಿದರೂ ನಿಮ್ಮ ಮಗು ಸಾಮಾನ್ಯ ವರ್ಗಕ್ಕೆ ಹೋಗಿ ನಿಲ್ಲಬಹುದು. ಪ್ರಮಾಣಪತ್ರ ಮಗುವಿನ ಹೆಸರಿನಲ್ಲೇ ಇರಲಿ, ಅವಧಿ ಮುಗಿಯದಿರಲಿ.

ಇನ್ನೊಂದು ಗೊಂದಲವನ್ನು ಇಲ್ಲೇ ಬಿಡಿಸಿಕೊಳ್ಳೋಣ. ಪ್ರವರ್ಗ 1, 2ಎ, 2ಬಿ, 3ಎ, 3ಬಿ ಇವು ರಾಜ್ಯದ ಪಟ್ಟಿ. ನೀಟ್ ಅರ್ಜಿಯಲ್ಲಿ ಕೇಳುವ ಒಬಿಸಿ ಕೇಂದ್ರದ ಪಟ್ಟಿ. ರಾಜ್ಯದಲ್ಲಿ ಹಿಂದುಳಿದ ವರ್ಗ ಎಂದ ಮಾತ್ರಕ್ಕೆ ಕೇಂದ್ರದ ಪಟ್ಟಿಯಲ್ಲೂ ನಿಮ್ಮ ಜಾತಿ ಇರುತ್ತದೆ ಎಂದೇನಿಲ್ಲ. ಇದ್ದರೆ, ಕೇಂದ್ರದ ನಮೂನೆಯಲ್ಲಿ ಕೆನೆಪದರಕ್ಕೆ ಸೇರಿಲ್ಲ ಎಂಬ ಬೇರೆ ಪತ್ರವನ್ನೇ ತಹಶೀಲ್ದಾರರಿಂದ ಪಡೆಯಬೇಕು.

ನೀಟ್ ಪರೀಕ್ಷೆ ಈಚಿನ ವರ್ಷಗಳಲ್ಲಿ ಮೇ ತಿಂಗಳ ಮೊದಲ ಭಾನುವಾರ ನಡೆದಿದೆ. 2025ರಲ್ಲಿ ಸಮಯ ಮಧ್ಯಾಹ್ನ 2ರಿಂದ 5. ಗೇಟು 1.30ಕ್ಕೆ ಮುಚ್ಚುತ್ತದೆ, ಆಮೇಲೆ ಯಾರು ಬೇಡಿಕೊಂಡರೂ ತೆರೆಯುವುದಿಲ್ಲ. ಅರ್ಧ ತೋಳಿನ ತೆಳು ಉಡುಪು, ಚಪ್ಪಲಿ ಸಾಕು. ಶೂ, ವಾಚು, ಲೋಹದ ಒಡವೆ ಬೇಡ. ಪ್ರವೇಶಪತ್ರದ ಜೊತೆ ಬರುವ ನಮೂನೆಗೆ ಪೋಸ್ಟ್‌ಕಾರ್ಡ್ ಅಳತೆಯ ಫೋಟೊ ಅಂಟಿಸಬೇಕು. ಹಿಂದಿನ ದಿನವೇ ಕೇಂದ್ರವನ್ನು ನೋಡಿ ಬಂದರೆ ಅರ್ಧ ಆತಂಕ ಇಳಿಯುತ್ತದೆ. ಹೊರಬಂದ ಕೂಡಲೇ ‘ಎಷ್ಟು ಸರಿ ಮಾಡಿದೆ?’ ಎಂದು ಕೇಳಬೇಡಿ. ಊಟ ಮಾಡಿಸಿ ಮನೆಗೆ ಕರೆತನ್ನಿ.

ಫಲಿತಾಂಶ ಜೂನ್‌ನಲ್ಲಿ ಬರುತ್ತದೆ. ಅದರಲ್ಲಿ ಅಂಕ, ಪರ್ಸೆಂಟೈಲ್, ಅಖಿಲ ಭಾರತ ರ‍್ಯಾಂಕ್ ಇರುತ್ತವೆ. ಪರ್ಸೆಂಟೈಲ್ ಅಂದರೆ ಶೇಕಡಾವಾರು ಅಂಕ ಅಲ್ಲ. ಬರೆದ ನೂರರಲ್ಲಿ ಎಷ್ಟು ಮಂದಿ ನಿಮ್ಮ ಮಗುವಿಗಿಂತ ಹಿಂದಿದ್ದಾರೆ ಎಂಬ ಲೆಕ್ಕ. ಸಾಮಾನ್ಯ ವರ್ಗಕ್ಕೆ 50, ಪರಿಶಿಷ್ಟ ಮತ್ತು ಒಬಿಸಿಗೆ 40 ಪರ್ಸೆಂಟೈಲ್ ಬಂದರೆ ಅರ್ಹರು. ಅರ್ಹರಾದವರಿಗೆಲ್ಲ ಸೀಟು ಸಿಗುವುದಿಲ್ಲ. 2025ರಲ್ಲಿ 22 ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದರು, ದೇಶದಲ್ಲಿದ್ದ ಎಂಬಿಬಿಎಸ್ ಸೀಟು ಸುಮಾರು 1.2 ಲಕ್ಷ.

ಸೀಟು ಹಂಚಿಕೆಗೆ ಎರಡು ಬಾಗಿಲು. ಸರ್ಕಾರಿ ಕಾಲೇಜುಗಳ ಶೇ 15 ಸೀಟು (ಅಖಿಲ ಭಾರತ ಕೋಟಾ), ಏಮ್ಸ್, ಜಿಪ್ಮರ್ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟನ್ನು ದೆಹಲಿಯ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ, ಅಂದರೆ ಎಂಸಿಸಿ ಹಂಚುತ್ತದೆ. ರಾಜ್ಯದ ಉಳಿದದ್ದು ಕೆಇಎ ಪಾಲು. ಎರಡಕ್ಕೂ ಹೆಸರು ನೋಂದಾಯಿಸಬಹುದು, ಕೊನೆಗೆ ಸೇರುವುದು ಒಂದಕ್ಕೆ. ಎಂಸಿಸಿಯಲ್ಲಿ ಅಖಿಲ ಭಾರತ ಕೋಟಾಕ್ಕೆ ಸಾಮಾನ್ಯ ವರ್ಗದವರು 1,000 ರೂಪಾಯಿ ಶುಲ್ಕ, 10,000 ಠೇವಣಿ ಕಟ್ಟಬೇಕು. ಡೀಮ್ಡ್ ಸೀಟಿಗಾದರೆ ಠೇವಣಿಯೇ 2 ಲಕ್ಷ. ಠೇವಣಿ ವಾಪಸು ಬರುತ್ತದೆ, ಆದರೆ ಮೊದಲ ಸುತ್ತಿನ ನಂತರ ಸಿಕ್ಕ ಸೀಟನ್ನು ಬಿಟ್ಟರೆ ಮುಟ್ಟುಗೋಲು.

ಆಪ್ಷನ್ ಎಂಟ್ರಿ ಎಂದರೆ ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಆನ್‌ಲೈನ್‌ನಲ್ಲಿ ದಾಖಲಿಸುವುದು. ನನ್ನ ಪ್ರಕಾರ ಇಡೀ ವರ್ಷದಲ್ಲಿ ಮನೆಯವರು ಮಾಡಬೇಕಾದ ಅತಿ ಮುಖ್ಯ ಕೆಲಸ ಇದೇ. ಕಂಪ್ಯೂಟರ್ ರ‍್ಯಾಂಕ್ ಕ್ರಮದಲ್ಲಿ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿನಿಂದ ಕೆಳಗೆ ನೋಡುತ್ತಾ ಬರುತ್ತದೆ. ಮೊದಲು ಖಾಲಿ ಕಂಡ ಸೀಟನ್ನು ಕೊಟ್ಟು ಮುಂದಕ್ಕೆ ಹೋಗುತ್ತದೆ. ಹಾಗಾಗಿ ‘ಸಿಗುವುದಿಲ್ಲವಲ್ಲ’ ಎಂದು ಇಷ್ಟದ ಕಾಲೇಜನ್ನು ಕೆಳಗೆ ತಳ್ಳುವುದು ತಪ್ಪು. ಚಿಕ್ಕಮಗಳೂರಿನ ಹುಡುಗಿಗೆ ಬೆಂಗಳೂರು ಮೆಡಿಕಲ್ ಕಾಲೇಜು ಆಸೆ, ಹಾಸನ ಹತ್ತಿರ, ಶಿವಮೊಗ್ಗವೂ ಆದೀತು ಎಂದಿಟ್ಟುಕೊಳ್ಳಿ. ಬೆಂಗಳೂರನ್ನೇ ಮೊದಲು ಬರೆಯಲಿ. ಅದು ಸಿಗದಿದ್ದರೆ ಹಾಸನದ ಅವಕಾಶ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಹಾಸನವನ್ನು ಮೊದಲು ಬರೆದು ಅದು ಸಿಕ್ಕಿಬಿಟ್ಟರೆ ಮಾತ್ರ ಆ ಸುತ್ತಿನಲ್ಲಿ ಬೆಂಗಳೂರಿನ ಕಡೆ ಕಂಪ್ಯೂಟರ್ ನೋಡುವುದೇ ಇಲ್ಲ. ಇದರ ಇನ್ನೊಂದು ಮುಖವನ್ನೂ ನೆನಪಿಡಿ. ಶುಲ್ಕ ಕಟ್ಟಲಾಗದ ಕಾಲೇಜನ್ನು ಪಟ್ಟಿ ಉದ್ದವಾಗಲಿ ಎಂದು ಸೇರಿಸಬೇಡಿ. ಅದೇ ಸಿಕ್ಕಿಬಿಡಬಹುದು.

ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗಿನ ವಾರಗಳಲ್ಲಿ ಈ ಪಟ್ಟಿ ತಯಾರಿಸಿ. ಹಿಂದಿನ ವರ್ಷ ಯಾವ ಕಾಲೇಜಿಗೆ, ಯಾವ ವರ್ಗದಲ್ಲಿ, ಕೊನೆಯ ಸೀಟು ಯಾವ ರ‍್ಯಾಂಕಿಗೆ ಹೋಯಿತು ಎಂಬುದನ್ನು ಕೆಇಎ ಜಾಲತಾಣದಲ್ಲಿ ಪ್ರಕಟಿಸಿರುತ್ತದೆ. ಹಾಸ್ಟೆಲ್ ಇದೆಯೇ, ಕಲಿಯಲು ಸಾಕಷ್ಟು ರೋಗಿಗಳು ಬರುವ ಆಸ್ಪತ್ರೆಯೇ ಎಂಬುದನ್ನು ಅಲ್ಲಿ ಓದುತ್ತಿರುವ ಮಕ್ಕಳನ್ನೇ ಕೇಳಿ. ನಿಜವಾದ ಹಂಚಿಕೆಗೆ ಮೊದಲು ನಡೆಯುವ ಅಣಕು ಹಂಚಿಕೆ ಆದ ಮೇಲೆ ಪಟ್ಟಿ ತಿದ್ದಲು ಅವಕಾಶ ಇರುತ್ತದೆ.

ನಿಜವಾದ ಹಂಚಿಕೆ ಆದಾಗ ಕೆಇಎ ಸಾಮಾನ್ಯವಾಗಿ ನಾಲ್ಕು ದಾರಿ ಕೊಡುತ್ತದೆ. ಒಂದನೆಯದು, ಸೀಟು ಒಪ್ಪಿದೆ, ಸೇರುತ್ತೇನೆ. ಎರಡನೆಯದು, ಇದನ್ನು ಹಿಡಿದಿಟ್ಟುಕೊಂಡು ಮುಂದಿನ ಸುತ್ತಿನಲ್ಲಿ ಪಟ್ಟಿಯ ಮೇಲಿನದಕ್ಕೆ ಕಾಯುತ್ತೇನೆ. ಮೂರನೆಯದು, ಇದು ಬೇಡ, ಮುಂದಿನ ಸುತ್ತು ಬೇಕು. ನಾಲ್ಕನೆಯದು, ಪೂರ್ತಿ ಹೊರಗೆ. ಎರಡನೆಯದರಲ್ಲಿ ಮೇಲಿನ ಸೀಟು ಸಿಕ್ಕ ಕೂಡಲೇ ಹಿಡಿದಿಟ್ಟದ್ದು ತಾನಾಗಿ ಹೋಗುತ್ತದೆ, ಮತ್ತೆ ಕೇಳುವಂತಿಲ್ಲ. ಹಣ ಯಾವಾಗ ಕಟ್ಟಬೇಕು, ಯಾವ ಸುತ್ತಿನ ನಂತರ ಬಿಟ್ಟರೆ ದಂಡ ಎಂಬ ನಿಯಮ ವರ್ಷ ವರ್ಷವೂ ಬದಲಾಗುತ್ತದೆ. ಆ ವರ್ಷದ ಸೂಚನೆಯನ್ನೇ ಓದಿ, ಕಳೆದ ವರ್ಷ ಸೇರಿದವರ ಮಾತನ್ನು ನಂಬಿ ಕೂರಬೇಡಿ. ಉತ್ತರ ಕೊಡಲು ಸಿಗುವುದು ಕೆಲವೇ ದಿನ.

ಖರ್ಚು ಎಷ್ಟು? ಈಚಿನ ವರ್ಷಗಳ ಅಂದಾಜು ಹೇಳುವುದಾದರೆ, ಸರ್ಕಾರಿ ಕಾಲೇಜಿನಲ್ಲಿ ವರ್ಷಕ್ಕೆ ಸುಮಾರು 60ರಿಂದ 65 ಸಾವಿರ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟಿಗೆ ಒಂದೂವರೆ ಲಕ್ಷದ ಆಸುಪಾಸು. ಅದೇ ಕಾಲೇಜಿನ ಖಾಸಗಿ ಸೀಟಿಗೆ 12 ಲಕ್ಷದ ಆಸುಪಾಸು. ಮ್ಯಾನೇಜ್‌ಮೆಂಟ್ ಸೀಟು ಇನ್ನೂ ಹೆಚ್ಚು. ಕೋರ್ಸು ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾ ಕಲಿಯುವ ಅವಧಿ. ಹಾಸ್ಟೆಲ್, ಊಟ, ಪುಸ್ತಕ ಬೇರೆ. ಈ ಲೆಕ್ಕವನ್ನು ಮಗಳ ಮುಂದೆಯೇ ಕೂತು ಮಾಡಿ. ಹದಿನೇಳು ವರ್ಷದವರಿಗೆ ಮನೆಯ ಶಕ್ತಿ ಎಷ್ಟೆಂದು ಅರ್ಥವಾಗುತ್ತದೆ. ಸೀಟು ಸಿಕ್ಕ ದಿನ ‘ಹಣ ಇಲ್ಲ’ ಎಂದು ಕೇಳುವುದು ಅವರಿಗೆ ಹೆಚ್ಚು ನೋವಿನ ಸಂಗತಿ.

ಶಿಕ್ಷಣ ಸಾಲಕ್ಕೆ ಬ್ಯಾಂಕನ್ನು ಮೊದಲೇ ಕೇಳಿಡಿ. ಕೆಇಎ ಮೂಲಕ ಸೀಟು ಪಡೆದ ಅಲ್ಪಸಂಖ್ಯಾತರಿಗೂ ಹಿಂದುಳಿದ ವರ್ಗದವರಿಗೂ ಆಯಾ ಅಭಿವೃದ್ಧಿ ನಿಗಮಗಳ ‘ಅರಿವು’ ಸಾಲ ಇದೆ, ಅದಕ್ಕೆ ಆದಾಯ ಮಿತಿ ಉಂಟು. ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು.

‘ಸೀಟು ಮಾಡಿಸಿಕೊಡುತ್ತೇವೆ’ ಎಂದು ಫೋನು ಬರುವುದು ಇದೇ ಸಮಯದಲ್ಲಿ. ಮ್ಯಾನೇಜ್‌ಮೆಂಟ್ ಸೀಟು ಕೂಡ ಕೌನ್ಸೆಲಿಂಗ್ ಮೂಲಕವೇ ಹಂಚಿಕೆಯಾಗುತ್ತದೆ, ನಡುವೆ ಮಧ್ಯವರ್ತಿಗೆ ಜಾಗವಿಲ್ಲ. ಕ್ಯಾಪಿಟೇಶನ್, ಅಂದರೆ ನಿಗದಿತ ಶುಲ್ಕದ ಮೇಲೆ ಪಡೆಯುವ ಹಣ, ಕರ್ನಾಟಕದಲ್ಲಿ 1984ರ ಕಾಯ್ದೆಯಿಂದಲೇ ನಿಷಿದ್ಧ. ಯಾರಿಗೂ ಮುಂಗಡ ಕೊಡಬೇಡಿ. ಮೂಲ ಅಂಕಪಟ್ಟಿಯನ್ನಂತೂ ಯಾರ ಕೈಗೂ ಕೊಡಬೇಡಿ.

ಸೀಟು ಸಿಗದಿದ್ದರೆ? ನೀಟನ್ನು ಇಷ್ಟೇ ಸಲ ಬರೆಯಬೇಕೆಂಬ ಮಿತಿ ಇಲ್ಲ, ಗರಿಷ್ಠ ವಯಸ್ಸೂ ಇಲ್ಲ. ಇನ್ನೊಂದು ವರ್ಷ ಓದಬೇಕೋ ಬೇಡವೋ ಎಂಬುದನ್ನು ಮಗುವೇ ಹೇಳಲಿ. ನೆಂಟರ ಮಕ್ಕಳ ಉದಾಹರಣೆ ತರಬೇಡಿ. ದಂತವೈದ್ಯಕೀಯ, ಆಯುರ್ವೇದ, ಹೋಮಿಯೋಪಥಿಗೂ ಇದೇ ನೀಟ್ ರ‍್ಯಾಂಕ್ ನಡೆಯುತ್ತದೆ. ಸಿಇಟಿ ಬರೆದಿದ್ದರೆ ಪಶುವೈದ್ಯಕೀಯ, ನರ್ಸಿಂಗ್, ಕೃಷಿ ವಿಜ್ಞಾನದಂಥ ದಾರಿಗಳೂ ತೆರೆದಿರುತ್ತವೆ.

ಕೋಚಿಂಗ್ ವರ್ಷದಲ್ಲಾಗಲಿ ಫಲಿತಾಂಶದ ವಾರದಲ್ಲಾಗಲಿ ಮಗು ಊಟ ಬಿಟ್ಟರೆ, ನಿದ್ದೆಗೆಟ್ಟರೆ, ಮಾತು ಕಡಿಮೆ ಮಾಡಿದರೆ ‘ಪರೀಕ್ಷೆಯ ಟೆನ್ಷನ್’ ಎಂದು ಸುಮ್ಮನಾಗಬೇಡಿ. ಪಕ್ಕದಲ್ಲಿ ಕೂತು ಕೇಳಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ. ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಮಗುವಿನ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಈ ನಂಬರನ್ನು ಇಂದೇ ಸೇವ್ ಮಾಡಿಡಿ.