ದಂಡನೆಯ ಬಸ್ಕಿ, ವಿದ್ಯೆಯ ಬಸ್ಕಿ

ಮೈಸೂರಿನ ಹಳೆಯ ಕೇರಿಯೊಂದರಲ್ಲಿರುವ ಆ ಗರಡಿಯ ಗಿಡ್ಡ ಬಾಗಿಲಿಗೆ ತಲೆಬಾಗಿ ಒಳಹೊಕ್ಕು, ಒಳಗಿನ ಮಬ್ಬಿಗೆ ಕಣ್ಣು ಹೊಂದಿಕೊಳ್ಳುವಷ್ಟು ಹೊತ್ತು ನಿಂತು ನೋಡಿದಾಗ, ನನ್ನ ದೃಷ್ಟಿಗೆ ಮೊದಲು ಬಿದ್ದವನು ಗೋಡೆಯ ಬುಡದಲ್ಲಿ ಕಾಲು ಮಡಿಸಿ ಸುಮ್ಮನೆ ಕುಳಿತಿದ್ದ ಒಬ್ಬ ಬಾಲಕ. ಹನ್ನೆರಡರ ಆಸುಪಾಸಿನ ಪ್ರಾಯ. ಲಂಗೋಟಿ ಬಿಗಿದು ಸಿದ್ಧನಾಗಿದ್ದಾನೆ, ಆದರೆ ಮೈಗೆ ಒಂದು ಚಿಟಿಕೆ ಮಣ್ಣೂ ಸೋಂಕಿಲ್ಲ. ಕಣ್ಣಿನಿಂದ ನೀರು ಉರುಳುವುದೊಂದು ಬಾಕಿ. ಅವನೆದುರಿಗೆ ಅವನ ಸಮವಯಸ್ಕರು ಸಾಲಾಗಿ ನಿಂತು, ಒಬ್ಬನು ಎಣಿಸುತ್ತಿರಲು ಉಳಿದವರು ಉಸಿರಿನ ಲಯಕ್ಕೆ ಸರಿಯಾಗಿ ಬಸ್ಕಿ ಹೊಡೆಯುತ್ತಿದ್ದರು. ಹುಡುಗನಿಗೆ ಮೈ ಸರಿಯಿಲ್ಲವೋ ಏನೋ ಎಂದುಕೊಂಡು ಉಸ್ತಾದರನ್ನು ವಿಚಾರಿಸಿದೆನು. "ಮೈಗೇನಾಗದೆ ಸ್ವಾಮಿ, ಗುಂಡುಕಲ್ಲಿದ್ದಂಗವ್ನೆ. ನೆನ್ನೆ ಚಿಕ್ಕ ಹುಡುಗನ ಮ್ಯಾಲೆ ಕೈ ಮಾಡ್ದ. ಅದಕ್ಕೆ ಇವತ್ತು ಬಸ್ಕಿ ಇಲ್ಲ, ಮಟ್ಟೀನೂ ಇಲ್ಲ. ಕೂತಿರ್ಲಿ" ಎಂದರು.

ಈ ಉತ್ತರವನ್ನು ಕೇಳಿದಂದಿನಿಂದ ಅದು ನನ್ನ ಮನಸ್ಸನ್ನು ಬಿಟ್ಟು ಕದಲಲೊಲ್ಲದು. ನಮ್ಮ ಪೀಳಿಗೆಯ ಪ್ರತಿಯೊಬ್ಬನೂ ಶಾಲೆಯಲ್ಲಿ, ಕುಳಿತಲ್ಲಿ ಕುಳಿತಿರಲಾರದ ಅಪರಾಧಕ್ಕಾಗಿ, ಎರಡು ಕಿವಿಗಳನ್ನು ಹಿಡಿದುಕೊಂಡು ಬಸ್ಕಿ ಹೊಡೆದವನೇ; ಅಲ್ಲಿ ಕುಳಿತಿರುವುದು ಧರ್ಮ, ಬಸ್ಕಿ ಪ್ರಾಯಶ್ಚಿತ್ತ. ಇಲ್ಲಿಯಾದರೋ ಬಸ್ಕಿಯೇ ವಿದ್ಯೆ, ಕುಳಿತಿರುವುದೇ ಶಿಕ್ಷೆ. ಇಷ್ಟು ಮಾತ್ರವಾಗಿದ್ದರೆ ಇದೊಂದು ವಿನೋದವೆಂದು ನಕ್ಕು ಸುಮ್ಮನಾಗಬಹುದಾಗಿತ್ತು. ಆದರೆ ಆ ಹುಡುಗನ ಶಾಲೆಯ ಡೈರಿಯಲ್ಲಿ 'ಕುಳಿತಲ್ಲಿ ಕೂರುವುದಿಲ್ಲ, ಪಕ್ಕದವರನ್ನೂ ಕೂರಗೊಡುವುದಿಲ್ಲ' ಎಂಬ ಒಕ್ಕಣೆಯು ಕೆಂಪು ಶಾಯಿಯಲ್ಲಿ ಪದೇಪದೇ ಬರುತ್ತಿದ್ದುದರಿಂದ ಬೇಸತ್ತೇ ಅವನ ತಾಯಿ ಅವನನ್ನು ಗರಡಿಗೆ ತಂದು ಬಿಟ್ಟಳೆಂದು ಉಸ್ತಾದರು ಹೇಳಿದಾಗ, ಅದೇ ಹುಡುಗನು ಆ ಗೋಡೆಯ ಬುಡದಲ್ಲಿ ಒಂದು ಗಂಟೆಯ ಮೇಲ್ಪಟ್ಟು ಅಲುಗದೆ ಕುಳಿತಿದ್ದುದನ್ನು ಕಂಡಿದ್ದ ನನಗೆ, ಪ್ರಶ್ನೆಯು ನಾವು ತಿಳಿದುಕೊಂಡಿರುವಷ್ಟು ಸರಳವಾದದ್ದಲ್ಲವೆಂದು ತೋರಿತು.

ಚಟುವಟಿಕೆಯ ಗಂಡುಮಕ್ಕಳಿಗೆ ಇಂದಿನ ಶಾಲೆ ಒಗ್ಗದೆಂಬ ವಾದವು ಈಚೆಗೆ ಎಲ್ಲ ಕಡೆಯಲ್ಲಿಯೂ ಕೇಳಿಬರುತ್ತಿದೆ. ಅದನ್ನು ಹೇಳುವವರು ಸಾಮಾನ್ಯವಾಗಿ ಗಂಡುಮಕ್ಕಳಿಗೆ ಸ್ವಾತಂತ್ರ್ಯ ಬೇಕು, ಕಟ್ಟುಪಾಡು ಒಗ್ಗದು ಎಂಬರ್ಥದಲ್ಲಿ ಮಾತನಾಡುತ್ತಾರೆ. ಅಂಥವರು ಒಂದು ಮುಂಜಾನೆ ಗರಡಿಗೆ ಹೋಗಿಬರುವುದು ಒಳ್ಳೆಯದು. ಕಾಲು ತೊಳೆಯದೆ ಒಳಗೆ ಬರುವಂತಿಲ್ಲ. ಆಂಜನೇಯನಿಗೂ ಉಸ್ತಾದರಿಗೂ ನಮಸ್ಕರಿಸದೆ ಮಟ್ಟಿಗೆ ಇಳಿಯುವಂತಿಲ್ಲ. ಜರಡಿ ಹಿಡಿದು, ಅರಿಸಿನ ಕುಂಕುಮ ಎಣ್ಣೆಗಳನ್ನು ಬೆರೆಸಿ ಹದಗೊಳಿಸಿದ ಆ ಕೆಮ್ಮಣ್ಣನ್ನು ಸರದಿಯ ಪ್ರಕಾರ ಹುಡುಗರೇ ಅಗೆದು ಸಡಿಲಿಸಬೇಕು. ಅನಂತರ ದಂಡೆ, ಬಸ್ಕಿ, ದೊಡ್ಡವರಾದರೆ ಗದೆ ಮತ್ತು ಕರೇಲ. ಇವೆಲ್ಲ ಮುಗಿದ ಮೇಲೆಯೇ ಪಟ್ಟು. ಅದೂ ಒಂದೇ ಪಟ್ಟು, ಒಂದೇ ಬಗೆಯಲ್ಲಿ, ಕೈ ಇಂಥಲ್ಲೇ ಬರಬೇಕು, ಕಾಲು ಇಂಥಲ್ಲೇ ಸರಿಯಬೇಕು ಎಂದು ಉಸ್ತಾದರು ತಿದ್ದುತ್ತ ತಿದ್ದುತ್ತ, ನೋಡುವವನಿಗೆ ಬೇಸರ ಬಂದರೂ ಮಾಡುವವನಿಗೆ ಬಾರದಷ್ಟು ಸಲ. ಯಾವ ಶಾಲೆಯ ಯಾವ ಮೇಷ್ಟರೂ ಇದರ ಅರ್ಧದಷ್ಟು ಪುನರಾವೃತ್ತಿಯನ್ನು ಮಗ್ಗಿಯ ವಿಷಯದಲ್ಲಿ ಇಂದು ಬೇಡಲಾರರು. ನಲವತ್ತು ನಿಮಿಷದ ಒಂದು ಪೀರಿಯಡ್ಡನ್ನು ಸಹಿಸಲಾರರೆಂದು ವರದಿಗೊಂಡ ಮಕ್ಕಳು ಇಲ್ಲಿ ಸೂರ್ಯೋದಯಕ್ಕೆ ಮುಂಚೆ ತಾವಾಗಿಯೇ ಬಂದು, ಮಾತಿಲ್ಲದೆ ತಮ್ಮ ಸರದಿಗಾಗಿ ಕಾಯುತ್ತಾರೆ. ಅವರಿಗೆ ಒಗ್ಗದಿರುವುದು ಶಿಸ್ತಲ್ಲವೆಂಬುದು ಇದರಿಂದ ವಿಶದವಾಗುತ್ತದೆ. ದೇಹವನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಶಿಸ್ತು ಅವರಿಗೆ ಒಗ್ಗದು.

ಮೈಸೂರು ಅರಸರ ಕುಸ್ತಿಪ್ರೇಮ, ವಿಜಯದಶಮಿಯ ದಿನ ಅರಮನೆಯಂಗಳದಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗ, ಇವುಗಳನ್ನು ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ನನ್ನ ಕುತೂಹಲವು ಬೇರೆಡೆಗೆ ಹರಿಯಿತು: ಈ ಬಸ್ಕಿಯು ನಮ್ಮ ಶಾಲೆಗಳೊಳಕ್ಕೆ ಪ್ರವೇಶಿಸಿದ್ದು ಯಾವಾಗ? ಇಂಗ್ಲಿಷರ ಕೊಡುಗೆಯಿರಬಹುದೆಂಬ ಊಹೆಯಿಂದ ಹಳೆಯ ಬರಹಗಳನ್ನು ಕೆದಕಲು ಹೊರಟವನಿಗೆ, ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ಲನು 1823ರಲ್ಲಿ ಮದರಾಸಿನ ಸರ್ಕಾರಕ್ಕೆ ಸಲ್ಲಿಸಿದ ವರದಿಯು ದೊರೆತು, ಊಹೆಯು ತಲೆಕೆಳಗಾಯಿತು. ಪ್ರಾಂತದಲ್ಲಿ ಎಷ್ಟು ಪಾಠಶಾಲೆಗಳಿವೆ, ಏನು ಕಲಿಸುತ್ತಾರೆ ಎಂದು ಗವರ್ನರ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳಿಂದಲೂ ಕೇಳಿ ತರಿಸಿಕೊಂಡ ವರದಿಗಳಲ್ಲಿ ಇದೂ ಒಂದು; ಧರಂಪಾಲರು 1983ರಲ್ಲಿ ಪ್ರಕಟಿಸಿದ ಸಂಕಲನದಿಂದಾಗಿ ಇದು ಇಂದಿಗೂ ಓದಲು ಸುಲಭವಾಗಿ ಸಿಕ್ಕುತ್ತದೆ. ಇತರ ಹಲವು ಕಲೆಕ್ಟರರು ಅಂಕಿಗಳನ್ನು ತುಂಬಿ ಕಳುಹಿಸಿ ಕೈತೊಳೆದುಕೊಂಡಲ್ಲಿ, ತೆಲುಗು ವ್ಯಾಕರಣವೊಂದನ್ನೇ ಬರೆದಿದ್ದ ಈ ಮಹಾಶಯನು ಶಾಲೆಯ ಒಳಹೊಕ್ಕು ನೋಡಿದವನಂತೆ ಬರೆದಿದ್ದಾನೆ. ಜಿಲ್ಲೆಯಲ್ಲಿ ಒಟ್ಟು 533 ಶಾಲೆಗಳು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಬೆಳಗ್ಗೆ ಆರು ಗಂಟೆಗೆ ಶಾಲೆ. ಮಕ್ಕಳು ಮೊದಲು ಮರಳಿನಲ್ಲಿ ಬೆರಳಿನಿಂದ ತೀಡಿ, ಬಳಿಕ ಇದ್ದಿಲಪುಡಿ ಬಳಿದ ಹಲಗೆಯ ಮೇಲೋ, ಗಂಜಿ ಹಾಕಿ ಮಡಿಸಿ ಕಪ್ಪು ಬಳಿದ ಬಟ್ಟೆಯ ಕಡತದ ಮೇಲೋ ಬಳಪದಿಂದ ಬರೆಯುತ್ತಿದ್ದರು.

ಇನ್ನು ಶಿಸ್ತಿನ ವಿಷಯ. ಮುಂಜಾನೆ ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಮರ್ಯಾದೆಯ ಗುರುತಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರಂತೆ. ಎರಡನೆಯವನಿಗೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲವೆಂಬುದಕ್ಕೆ, ಒಂದು ಸೊನ್ನೆ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆಯೇ ಕ್ರಮವಾಗಿ ಏರುತ್ತ ಹೋಗುವುದು. ಮೂವತ್ತನೆಯವನಾಗಿ ಬರುತ್ತಿದ್ದ ಬಡಪಾಯಿಯ ಗತಿಯನ್ನು ಲೆಕ್ಕ ಹಾಕುವುದೇ ಅಂದಿನ ಮಕ್ಕಳಿಗೆ ಒಳ್ಳೆಯ ಸಂಕಲನ ವ್ಯವಕಲನದ ಪಾಠವಾಗಿದ್ದಿರಬೇಕು. ಸೋಮಾರಿಗೆ ಬೆತ್ತದ ರುಚಿ. ಎರಡು ಕೈಗಳನ್ನು ಕಟ್ಟಿ ರಾಟೆಯ ಮೂಲಕ ಮಾಡಿಗೆ ತೂಗುಹಾಕುವ ಪದ್ಧತಿಯೂ ಉಂಟು. ಅದಿಲ್ಲವಾದರೆ ಬಿಡುವಿಲ್ಲದೆ ಬಗ್ಗಿ ಏಳುವ ಶಿಕ್ಷೆ. ನಮ್ಮ ಬಸ್ಕಿಯ ವಂಶಾವಳಿಯಲ್ಲಿ ಇದಕ್ಕಿಂತ ಹಿರಿಯ ಲಿಖಿತ ಪುರಾವೆಯು ನನ್ನ ಕಣ್ಣಿಗೆ ಬಿದ್ದಿಲ್ಲ. ಕ್ಯಾಂಬೆಲ್ಲನು ಇಲ್ಲಿ ಒಂದು ಕ್ಷಣ ತನ್ನ ಅಧಿಕಾರದ ಗಾಂಭೀರ್ಯವನ್ನು ಸಡಿಲಿಸಿ, ಈ ಶಿಕ್ಷೆಯು ಬಹಳ ನೋವಿನದೂ ಆಯಾಸದ್ದೂ ಆದರೂ ಪ್ರಾಯಶಃ ಆರೋಗ್ಯಕರವಾದದ್ದೆಂದು ಸೇರಿಸುತ್ತಾನೆ. ಆ 'ಪ್ರಾಯಶಃ'ವನ್ನು ನಾನು ಎಷ್ಟು ಸಲ ಓದಿಕೊಂಡು ನಕ್ಕಿದ್ದೇನೋ ಹೇಳಲಾರೆನು.

ಆತನ ಸಂಶಯವನ್ನು ಪರಿಹರಿಸಲು ಇಂದು ಉತ್ಸಾಹಿಗಳಿಗೆ ಕೊರತೆಯಿಲ್ಲ. ಕೈಗಳನ್ನು ಅಡ್ಡಹಾಯಿಸಿ ಕಿವಿ ಹಿಡಿದು ಗಣಪತಿಯ ಮುಂದೆ ನಾವು ಮಾಡುವ ಅದೇ ಕ್ರಿಯೆಯು ಹೊರನಾಡಿಗೆ ಹೋಗಿ, 'ಸೂಪರ್ ಬ್ರೈನ್ ಯೋಗ'ವೆಂಬ ಬಿರುದನ್ನು ಧರಿಸಿ ಹಿಂದಿರುಗಿದೆ. 2019ರಲ್ಲಿ ಹರಿಯಾಣದ ಶಾಲಾ ಶಿಕ್ಷಣ ಮಂಡಳಿಯು ಭಿವಾನಿಯ ತನ್ನ ಶಾಲೆಯಲ್ಲಿ ಇದನ್ನು ಮಕ್ಕಳಿಗೆ ಮಾಡಿಸಹೊರಟಿತು. ಕಿವಿಯ ಹಾಲೆಯನ್ನು ಒತ್ತಿದರೆ ಮಿದುಳಿನ ಎಡಬಲಗಳು ಸಮತೋಲಕ್ಕೆ ಬರುವುದೆಂಬ ವ್ಯಾಖ್ಯಾನವನ್ನು ನಾನು ನಂಬಲಾರೆನು. ಅರ್ಧ ಗಂಟೆ ಬೆಂಚಿನ ಮೇಲೆ ಮರಗಟ್ಟಿದ ಮಗುವು ಎದ್ದು ಇಪ್ಪತ್ತು ಬಸ್ಕಿ ಹೊಡೆದರೆ ಮುಂದಿನ ಅರ್ಧ ಗಂಟೆ ಹೆಚ್ಚು ಎಚ್ಚರದಿಂದ ಇರುವುದೆಂಬುದನ್ನು ನಂಬುವುದಕ್ಕೆ ನನಗೆ ಯಾವ ವ್ಯಾಖ್ಯಾನವೂ ಬೇಡ.

ಕ್ಯಾಂಬೆಲ್ಲನ ವರದಿಯಲ್ಲಿ ಇನ್ನೊಂದು ಸಂಖ್ಯೆಯಿದೆ. ಇಂದಿನ ವಾದಕ್ಕೆ ಅದರಷ್ಟು ತೊಡಕಾದದ್ದು ಬೇರೊಂದಿಲ್ಲ. ಆ 533 ಶಾಲೆಗಳಲ್ಲಿ ಓದುತ್ತಿದ್ದವರು 6,641 ಮಂದಿ. ಅವರಲ್ಲಿ ಹೆಣ್ಣುಮಕ್ಕಳು ಕೇವಲ 60. ಶಾಲೆಯು ಹೆಣ್ಣುಮಕ್ಕಳ ಸ್ವಭಾವಕ್ಕೆ ತಕ್ಕಂತೆ ರೂಪುಗೊಂಡು ಗಂಡುಮಕ್ಕಳಿಗೆ ಪರಕೀಯವಾಯಿತೆಂದು ಹೇಳುವವರು ಈ ಅಂಕಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಗಂಡುಮಕ್ಕಳಿಗೆಂದೇ, ಗಂಡಸರೇ ನಡೆಸುತ್ತಿದ್ದ, ಹೆಚ್ಚುಕಡಿಮೆ ಗಂಡುಮಕ್ಕಳೇ ತುಂಬಿದ್ದ ಶಾಲೆಯಲ್ಲಿಯೂ ಅವರನ್ನು ಸುಮ್ಮನಿರಿಸುವುದಕ್ಕೆ ರಾಟೆಯೂ ಹಗ್ಗವೂ ಬೇಕಾಗಿದ್ದುವು! ಹೆಣ್ಣುಮಕ್ಕಳು ಬಂದದ್ದು ಬಹಳ ತಡವಾಗಿ. ಬಂದು, ಬೇರೊಬ್ಬರಿಗಾಗಿ ಕಟ್ಟಿದ ಮನೆಯಲ್ಲಿ ಅಚ್ಚುಕಟ್ಟಾಗಿ ಸಂಸಾರ ಹೂಡಿದರು, ಅಷ್ಟೆ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ನಮ್ಮ ರಾಜ್ಯದ ಹುಡುಗಿಯರು ಶೇಕಡಾ 81.11ರಷ್ಟು ಉತ್ತೀರ್ಣರಾದರೆ ಹುಡುಗರು ಶೇಕಡಾ 65.90ರಷ್ಟು ಮಾತ್ರ. ಫಲಿತಾಂಶದ ಮರುದಿನ ಪತ್ರಿಕೆಗಳಲ್ಲಿ 'ಬಾಲಕಿಯರದೇ ಮೇಲುಗೈ' ಎಂಬ ಶೀರ್ಷಿಕೆಯನ್ನು ನಾವು ವರ್ಷವರ್ಷವೂ ಓದಿ ಪುಟ ಮಗುಚುತ್ತೇವೆ.

ಇದಕ್ಕೆ ಪರಿಹಾರವಾಗಿ ಅಮೆರಿಕದಲ್ಲಿ ನೆಲೆಸಿರುವ ರಿಚರ್ಡ್ ರೀವ್ಸ್ ಎಂಬ ಲೇಖಕನು 2022ರ ತನ್ನ ಪುಸ್ತಕದಲ್ಲಿ, ಗಂಡುಮಕ್ಕಳ ಬುದ್ಧಿಯ ಕೆಲವು ಶಕ್ತಿಗಳು ನಿಧಾನವಾಗಿ ಪಕ್ವವಾಗುವುದರಿಂದ ಅವರನ್ನು ಒಂದು ವರ್ಷ ತಡವಾಗಿ ಶಾಲೆಗೆ ಸೇರಿಸಬೇಕೆಂದು ಸೂಚಿಸಿದ್ದಾನೆ. ವಯಸ್ಸಿನ ಮಾತಿನಲ್ಲಿ ತಥ್ಯವಿಲ್ಲದಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಒಂಬತ್ತು ಲಕ್ಷಕ್ಕೂ ಮಿಕ್ಕ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಡಿಸೆಂಬರಿನಲ್ಲಿ ಹುಟ್ಟಿ ತರಗತಿಯ ಕಿರಿಯರಾದ ಗಂಡುಮಕ್ಕಳಿಗೆ, ಜನವರಿಯಲ್ಲಿ ಹುಟ್ಟಿದ ಹಿರಿಯರಿಗಿಂತ ಶೇಕಡಾ 30ರಷ್ಟು ಹೆಚ್ಚಾಗಿ, ಏಕಾಗ್ರತೆಯ ಕೊರತೆ ಮತ್ತು ಅತಿಚಟುವಟಿಕೆಯ ವ್ಯಾಧಿಯೆಂಬ ಹಣೆಪಟ್ಟಿ ಬಿದ್ದಿತ್ತು. ಅಂದರೆ ಎಷ್ಟೋ ಮಕ್ಕಳ 'ವ್ಯಾಧಿ'ಯು ಕೆಲವು ತಿಂಗಳುಗಳ ಎಳೆತನವಷ್ಟೆ. ಆದರೆ ಅದೇ ಅಧ್ಯಯನದಲ್ಲಿ ಹೆಣ್ಣುಮಕ್ಕಳ ಪಾಲಿಗೆ ಆ ವ್ಯತ್ಯಾಸವು ಶೇಕಡಾ 70. ಎಳೆತನವು ಗಂಡುಮಕ್ಕಳ ಆಸ್ತಿಯೇನಲ್ಲ. ನಮ್ಮಲ್ಲಿಯೂ ಜೂನ್ 1ಕ್ಕೆ ಆರು ತುಂಬಿದವರಿಗೆ ಮಾತ್ರ ಒಂದನೆಯ ತರಗತಿಯೆಂದು 2022ರಲ್ಲಿ ಆದೇಶವಾಗಿ, ಪಾಲಕರ ಒತ್ತಾಯಕ್ಕೆ ಮಣಿದು 2025–26ರ ಸಾಲಿಗೆ ಅದನ್ನು ಐದು ವರ್ಷ ಐದು ತಿಂಗಳಿಗೆ ಇಳಿಸಿದ್ದಾಯಿತು. ಮಗುವಿಗೆ ಒಂದು ವರ್ಷ ನಷ್ಟವಾಗುವುದೆಂಬುದೇ ಪಾಲಕರ ಅಳಲು. ಐದಾರರ ಮಗುವು ಒಂದು ವರ್ಷ ಮಣ್ಣಿನಲ್ಲಿ ಆಡಿಕೊಂಡಿದ್ದರೆ ನಷ್ಟವಾಗುವುದು ಯಾರಿಗೆಂಬುದನ್ನು ನಾನು ಇನ್ನೂ ಅರಿಯೆನು.

ಆಟ, ಬಿಡುವು, ವಿಳಂಬ ಇವುಗಳನ್ನು ಒದಗಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದೆಂದೂ ಹೇಳುವಂತಿಲ್ಲ. ಫಿನ್ಲೆಂಡಿನಲ್ಲಿ ಮಕ್ಕಳು ಏಳನೆಯ ವರ್ಷಕ್ಕೆ ಶಾಲೆ ಸೇರುತ್ತಾರೆ, ಪ್ರತಿ ಪಾಠದ ಬಳಿಕ ಹದಿನೈದು ನಿಮಿಷ ಹೊರಗೆ ಆಡುತ್ತಾರೆ. ಆದರೂ 2018ರ ಪೀಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಅಲ್ಲಿನ ಹುಡುಗರು ಓದಿನಲ್ಲಿ ಹುಡುಗಿಯರಿಗಿಂತ 52 ಅಂಕಗಳಷ್ಟು ಹಿಂದುಳಿದಿದ್ದರು. ಆ ದೇಶವನ್ನು ಭೂಸ್ವರ್ಗವೆಂದು ವರ್ಣಿಸುವ ನಮ್ಮ ಉಪನ್ಯಾಸಕರು ಈ ಸಂಗತಿಯನ್ನು ಹೇಳುವುದು ಅಪರೂಪ.

ಗರಡಿಯ ಹೊರಜಗಲಿಯಲ್ಲಿ ಒಬ್ಬ ಹುಡುಗಿ ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಹೋಂವರ್ಕ್ ಬರೆಯುತ್ತಿದ್ದಳು. ಶಿಕ್ಷೆಗೊಳಗಾಗಿದ್ದ ಹುಡುಗನ ಅಕ್ಕ. ಮನೆಗೆ ತಮ್ಮನನ್ನು ಕರೆದೊಯ್ಯುವುದು ಅವಳ ಹೊಣೆ. ಅಕ್ಷರಗಳು ದುಂಡಗೆ, ಅಂಚು ತಪ್ಪದೆ. ಶಾಲೆಗೆ ಹೇಳಿಮಾಡಿಸಿದಂಥ ಮಗುವೆಂದು ಯಾರಾದರೂ ಹೇಳಿಯಾರು. ಆದರೆ ಲಂಗದ ಕೆಳಗೆ ಅವಳ ಪಾದಗಳು ಒಳಗಿನ ಎಣಿಕೆಗೆ ತಾಳ ಹಾಕುತ್ತಿದ್ದುವು. ನಿನ್ನ ಹೆಸರಿಗೂ ಡೈರಿಯಲ್ಲಿ ಏನಾದರೂ ಬರೆಯುತ್ತಾರೆಯೇನಮ್ಮಾ ಎಂದು ಕೇಳಿದ್ದಕ್ಕೆ, "ಇಲ್ಲ ಸಾರ್, ನಾನು ಸುಮ್ಮನೆ ಕೂತಿರ್ತೀನಿ, ಕಿಟಕಿ ಕಡೆ ನೋಡ್ತಾ" ಎಂದಳು. ದಸರೆಯ ಕುಸ್ತಿಯಲ್ಲಿ ಈಗ ಹೆಂಗಸರೂ ಸೆಣಸುತ್ತಾರಲ್ಲ, ಹೆಣ್ಣುಮಕ್ಕಳನ್ನು ಏಕೆ ಸೇರಿಸಿಕೊಳ್ಳಬಾರದೆಂದು ಉಸ್ತಾದರನ್ನು ಕೇಳಿದರೆ, "ಬ್ಯಾರೆ ಹೊತ್ತು ಮಾಡ್ಬೇಕು ಸ್ವಾಮಿ, ಬ್ಯಾರೆ ಉಸ್ತಾದಮ್ಮ ಬೇಕು" ಎಂದು ಮಾತು ಮರೆಸಿದರು. ಗಲಾಟೆ ಮಾಡುವ ಮಗುವಿಗೆ ತಾಯಿಯೊಬ್ಬಳು ಗರಡಿಯನ್ನಾದರೂ ಹುಡುಕುತ್ತಾಳೆ. ಕಿಟಕಿ ನೋಡುವ ಮಗುವಿಗೆ ಒಳ್ಳೆಯ ಅಂಕ ಬಂದುಬಿಟ್ಟರೆ ಯಾರೂ ಏನನ್ನೂ ಹುಡುಕುವುದಿಲ್ಲ.

ಗರಡಿಯೇ ಶಾಲೆಯಾಗಲೆಂದು ನಾನು ಹೇಳುವವನಲ್ಲ. ಅಲ್ಲಿಗೆ ಬರುವವರು ಒಲಿದು ಬಂದವರು, ಒಲ್ಲದವರು ಎರಡನೆಯ ವಾರ ಕಾಣಿಸಿಕೊಳ್ಳುವುದಿಲ್ಲ; ಶಾಲೆಗೆ ಆ ಸೌಕರ್ಯವಿಲ್ಲ. ಅಲ್ಲಿ ಕಲಿಯುವುದು ಪಟ್ಟು, ಭಿನ್ನರಾಶಿಯಲ್ಲ. ಆದರೆ 2009ರ ಶಿಕ್ಷಣ ಹಕ್ಕಿನ ಕಾಯಿದೆಯನ್ನು ತೆರೆದು ನೋಡಿದರೆ ವಿಚಿತ್ರವೊಂದು ಗೋಚರಿಸುತ್ತದೆ. ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, 800 ಗಂಟೆಗಳ ಬೋಧನೆ. ಆರರಿಂದ ಎಂಟರವರೆಗೆ 220 ದಿನ, 1,000 ಗಂಟೆ. ದೈಹಿಕ ದಂಡನೆ ನಿಷಿದ್ಧ; ಹೀಗಾಗಿ ಕ್ಯಾಂಬೆಲ್ಲನು ಕಂಡ ಬಸ್ಕಿಗೆ ಕಾನೂನಿನ ಪ್ರಕಾರ ಈಗ ಶಾಲೆಯಲ್ಲಿ ಎಡೆಯಿಲ್ಲ, ಇಲ್ಲದಿರುವುದೇ ನ್ಯಾಯ. ಪ್ರತಿ ಶಾಲೆಗೂ ಆಟದ ಮೈದಾನವಿರಬೇಕೆಂದೂ ಅದರ ಅನುಸೂಚಿಯಲ್ಲಿದೆ. ಬೋಧನೆಗೆ ಗಂಟೆಗಳನ್ನು ಎಣಿಸಿಟ್ಟ ಆ ಅನುಸೂಚಿಯು ಮೈದಾನದಲ್ಲಿ ಮಗುವು ಎಷ್ಟು ಗಂಟೆ ಇರಬೇಕೆಂಬುದನ್ನು ಮಾತ್ರ ಎಣಿಸಿಲ್ಲ. ಇನ್ನು ಡಿಸೆಂಬರ್ ಕಳೆಯುತ್ತಲೇ ಹತ್ತನೆಯ ತರಗತಿಯ ವೇಳಾಪಟ್ಟಿಯಲ್ಲಿ ಪಿ.ಟಿ. ಪೀರಿಯಡ್ಡು ಹೆಸರಿಗೆ ಉಳಿದು, ಗಣಿತದ ಮೇಷ್ಟರೋ ವಿಜ್ಞಾನದ ಮೇಡಮ್ಮೋ ಆ ಹೊತ್ತನ್ನು ವಿಶೇಷ ತರಗತಿಗೆಂದು ಎತ್ತಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ, ಯಾರೂ ಬರೆದಿಡದ ಪದ್ಧತಿಯಾಗಿದೆ. ಹುಡುಗರನ್ನು ತಡವಾಗಿ ಸೇರಿಸಬೇಕೆ, ಬೇರೆ ಕೂರಿಸಬೇಕೆ ಎಂಬ ಚರ್ಚೆಗಳಿಗೆ ಮೊದಲು, ಇಲಾಖೆಯವರು ಜನವರಿಯ ಒಂದು ದಿನ ಯಾವುದಾದರೂ ಪ್ರೌಢಶಾಲೆಗೆ ಮುನ್ಸೂಚನೆಯಿಲ್ಲದೆ ಹೋಗಿ, ಆ ಪೀರಿಯಡ್ಡಿನಲ್ಲಿ ಮಕ್ಕಳು ಎಲ್ಲಿದ್ದಾರೆಂಬುದನ್ನು ನೋಡಿ ಬರಲಿ, ಹುಡುಗಿಯರು ಎಲ್ಲಿದ್ದಾರೆಂಬುದನ್ನೂ.