ಚೆಂಡಿಗೆ ಹೆದರದಂತೆ ಕಲಿಸೋಣ

ನಮ್ಮ ಮನೆಯಲ್ಲಿ ಬಹಳ ದಿನ ಕ್ರಿಕೆಟ್‌ಗೆ ಪ್ರವೇಶವಿರಲಿಲ್ಲ. ಓದು ಕೆಡುತ್ತದೆ, ಹೊತ್ತು ಹಾಳಾಗುತ್ತದೆ ಎಂಬುದು ನನ್ನ ವಾದ. ನಾನೇ ಶಿಕ್ಷಕ, ನನ್ನ ಮಾತಿಗೆ ಎದುರುಂಟೇ? ಆದರೆ ಒಂದು ಸಂಜೆ ಹನ್ನೊಂದು ವರ್ಷದ ಮಗ ಹುಬ್ಬಿನ ಮೇಲೆ ಕರವಸ್ತ್ರ ಒತ್ತಿಕೊಂಡು ಬಂದು ಬಾಗಿಲಲ್ಲಿ ನಿಂತ. ಮೂರು ಹೊಲಿಗೆ ಬಿದ್ದವು. ಪಟ್ಟದಕಲ್ಲಿನ ಹೊರಗೆ, ಜೋಳ ಕೊಯ್ದು ಖಾಲಿಯಾದ ಎರೆಹೊಲದಲ್ಲಿ ದೊಡ್ಡ ಹುಡುಗರೊಂದಿಗೆ ಕದ್ದು ಆಡಲು ಹೋಗಿದ್ದ. "ಚೆಂಡು ಬಂದಾಗ ಅಂಜಿಕಿ ಆಗಿ ಕಣ್ಣ ಮುಚ್ಚಿದೆ ಅಬ್ಬಾ" ಎಂದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ನಿಷೇಧ ಆಟವನ್ನು ತಡೆದಿರಲಿಲ್ಲ, ಕಲಿಕೆಯನ್ನು ಮಾತ್ರ ತಡೆದಿತ್ತು. ಬ್ಯಾಟ್ ಹಿಡಿಯಲು ಹೇಳಿಕೊಟ್ಟವರಿಲ್ಲದೆ ಮಗು ಚೆಂಡಿನ ಮುಂದೆ ಹೋಗಿ ನಿಂತಿತ್ತು. ಗಾಯ ಮಾಗಿದ ಮೇಲೆ ಒಂದು ಟೆನಿಸ್ ಚೆಂಡು ತಂದೆ. ಬಲ್ಲವರನ್ನು ಕೇಳಿ ತಿಳಿದುಕೊಂಡು, ಮಗನ ಜೊತೆ ನಾನೂ ಕಲಿಯತೊಡಗಿದೆ.

ಮೊದಲು ಕೈ, ಆಮೇಲೆ ಬ್ಯಾಟು

ಮೊದಲ ವಾರ ಬ್ಯಾಟ್ ಮುಟ್ಟಲಿಲ್ಲ. ಚೆಂಡು ಹಿಡಿಯುವುದಷ್ಟೇ ಪಾಠ. ಎರಡೂ ಅಂಗೈಗಳನ್ನು ಬಟ್ಟಲಿನಂತೆ ಸೇರಿಸಬೇಕು, ಚೆಂಡು ತಾಗಿದೊಡನೆ ಕೈಗಳನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಳ್ಳಬೇಕು. ಗಟ್ಟಿಯಾಗಿ ಚಾಚಿದ ಕೈಯಿಂದ ಚೆಂಡು ಪುಟಿದು ಹೋಗುತ್ತದೆ. ನೆಲದ ಮೇಲೆ ಉರುಳಿ ಬರುವ ಚೆಂಡಿಗೆ ಮಂಡಿ ಬಗ್ಗಿಸಿ, ಮೈಯನ್ನು ಅದರ ಹಿಂದೆ ಅಡ್ಡ ಇಡಬೇಕು. ಹತ್ತಾರು ಬಾರಿ ಹಿಡಿದ ಮೇಲೆ ಹೆದರಿಕೆ ತಾನಾಗಿ ಇಳಿಯುತ್ತದೆ.

ಆಮೇಲೆ ಬ್ಯಾಟಿಂಗ್. ಬಲಗೈ ಆಟಗಾರನಾದರೆ ಎಡಗೈ ಮೇಲೆ, ಬಲಗೈ ಕೆಳಗೆ, ಎರಡೂ ಒಂದಕ್ಕೊಂದು ಹತ್ತಿರ ಇರಬೇಕು. ಪಾದಗಳ ನಡುವೆ ಭುಜದಗಲ ಅಂತರ, ಮಂಡಿ ತುಸು ಬಾಗಿರಬೇಕು. ಎಡಭುಜ ಬೌಲರ್ ಕಡೆಗಿರಲಿ. ತಲೆ ಅಲುಗಬಾರದು, ಎರಡೂ ಕಣ್ಣು ಚೆಂಡಿನ ಮೇಲೆಯೇ ಇರಬೇಕು. ಮೊದಲಿಗೆ ಸಿಕ್ಸರ್ ಬೇಡ. ಮುಂದಿನ ಕಾಲನ್ನು ಚೆಂಡು ಬೀಳುವ ಕಡೆಗೆ ಇಟ್ಟು, ಬ್ಯಾಟನ್ನು ನೇರವಾಗಿ ಹಿಡಿದು ತಡೆಯುವುದನ್ನು ಕಲಿಯಲಿ. ಬ್ಯಾಟ್ ಅಡ್ಡ ಬೀಸುವವನಿಗೆ ಚೆಂಡು ಸಿಗುವುದು ಅದೃಷ್ಟದಿಂದ ಮಾತ್ರ.

ಬೌಲಿಂಗ್‌ನಲ್ಲಿ ತೋಳು ಕಿವಿಯ ಪಕ್ಕದಿಂದ ಸುತ್ತಿ ಬರಬೇಕು, ಕಲ್ಲೆಸೆದಂತೆ ಎಸೆಯಬಾರದು. ಮುಂದಿನ ಪಾದದ ಒಂದಿಷ್ಟಾದರೂ ಭಾಗ ಗೆರೆಯ ಹಿಂದಿರಬೇಕು. ಆ ಗೆರೆ ಸ್ಟಂಪ್‌ನಿಂದ 4 ಅಡಿ ಮುಂದಿದೆ. ದೊಡ್ಡವರ ಪಿಚ್ 22 ಗಜ. ಹತ್ತು ವರ್ಷದವರಿಗೆ 16ರಿಂದ 18 ಗಜ ಸಾಕು. ಬ್ಯಾಟೂ ಮಗುವಿನ ಎತ್ತರಕ್ಕೆ ತಕ್ಕದ್ದಿರಲಿ. ಅಣ್ಣನ ಭಾರದ ಬ್ಯಾಟ್ ಕೊಟ್ಟರೆ ಕೈ ಸೋತು ಅಭ್ಯಾಸ ಕೆಡುತ್ತದೆ.

ನಮ್ಮ ಎರೆಹೊಲ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಬಿರುಕಿಗೆ ಬಿದ್ದ ಚೆಂಡು ಎತ್ತ ಪುಟಿಯುತ್ತದೋ ಹೇಳಲಾಗದು. ಆದ್ದರಿಂದ ಗಟ್ಟಿ, ಸಮತಟ್ಟಾದ ನೆಲ ಹುಡುಕಿಕೊಂಡೆವು. ಗುಡಿಗಳ ಆವರಣದ ಕಡೆಗೆ ಮಾತ್ರ ಹೋಗಬಾರದೆಂದು ಮಕ್ಕಳಿಗೆ ಖಡಾಖಂಡಿತವಾಗಿ ಹೇಳಿದ್ದೇನೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕಲ್ಲುಗಳವು. ತೊಗಲಿನ ಚೆಂಡಿನ ತೂಕ ಸುಮಾರು 160 ಗ್ರಾಂ. ಹೆಲ್ಮೆಟ್, ಪ್ಯಾಡ್, ಗ್ಲೌಸ್ ಇಲ್ಲದೆ ಅದರಲ್ಲಿ ಆಡಕೂಡದು. ಇದು ಮೂರು ಹೊಲಿಗೆ ಕಲಿಸಿದ ಪಾಠ.

ದೂರ ನಡೆದವರು

ನಮ್ಮ ಪಕ್ಕದ ಗದಗಿನ ಸುನಿಲ್ ಜೋಶಿ ಬಾಲ್ಯದಲ್ಲಿ ಬೆಳಗಾಗೆದ್ದು ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಮರಳಿ ಶಾಲೆಗೆ ಬರುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್‌ಗಳಲ್ಲಿ ಕೇವಲ 6 ರನ್ ಕೊಟ್ಟು 5 ವಿಕೆಟ್ ಪಡೆದರು. ಶಾಲೆ ಮತ್ತು ಆಟ ಒಂದಕ್ಕೊಂದು ಶತ್ರುಗಳಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ?

ಕರ್ನಾಟಕದ ವಿಕೆಟ್ ಕೀಪರ್ ಸೈಯದ್ ಕಿರ್ಮಾನಿಯವರ ಒಂದು ಆಟವೂ ನೆನಪಿಡಬೇಕಾದದ್ದು. 1983ರ ವಿಶ್ವಕಪ್‌ನಲ್ಲಿ ಜಿಂಬಾಬ್ವೆ ವಿರುದ್ಧ ಭಾರತ 140 ರನ್‌ಗಳಿಗೆ 8 ವಿಕೆಟ್ ಕಳೆದುಕೊಂಡಿತ್ತು. ಆಗ ಬಂದ ಕಿರ್ಮಾನಿ ಔಟಾಗದೆ 24 ರನ್ ಗಳಿಸಿ ನಿಂತರು. ಆಚೆ ತುದಿಯಲ್ಲಿ ಕಪಿಲ್ ದೇವ್ 175 ಬಾರಿಸಿದರು. ಮುರಿಯದ ಆ ಜೊತೆಯಾಟ 126 ರನ್‌ಗಳದ್ದು. ಜಗತ್ತು 175ನ್ನು ನೆನೆಯುತ್ತದೆ. ಆ 24 ಇಲ್ಲದಿದ್ದರೆ 175 ಎಲ್ಲಿಂದ ಬರುತ್ತಿತ್ತು? ಜೊತೆಗಾರನಿಗಾಗಿ ನಿಲ್ಲುವುದನ್ನು ನಾನು ತರಗತಿಯಲ್ಲಿ ಎಷ್ಟು ಹೇಳಿದರೂ ಇಷ್ಟು ಚೆನ್ನಾಗಿ ಹೇಳಲಾರೆ.

ಈಗ ನಮ್ಮ ಓಣಿಯಲ್ಲಿ ಒಂದು ನಿಯಮವಿದೆ. ಬ್ಯಾಟ್ ಯಾರದೇ ಆಗಿರಲಿ, ಪ್ರತಿಯೊಬ್ಬರಿಗೂ ಆರು ಚೆಂಡು. ಮೊದಲು ಮುಳ್ಳುಕಂಟಿಯಿಂದ ಚೆಂಡು ತರಲಷ್ಟೇ ಕರೆಸಿಕೊಳ್ಳುತ್ತಿದ್ದ ಚಿಕ್ಕವರೂ ಈಗ ಬ್ಯಾಟ್ ಹಿಡಿಯುತ್ತಾರೆ. ನನ್ನ ಮಗಳೂ ಸಾಲಿನಲ್ಲಿ ನಿಲ್ಲುತ್ತಾಳೆ. 2025ರ ನವೆಂಬರ್‌ನಲ್ಲಿ ಭಾರತದ ಮಹಿಳೆಯರು ವಿಶ್ವಕಪ್ ಗೆದ್ದ ಮೇಲೆ ಅವಳನ್ನು ಬೇಡವೆನ್ನುವ ಧೈರ್ಯ ಅಣ್ಣನಿಗೂ ಇಲ್ಲ. ಮಗ್ರಿಬ್ ಅಝಾನ್ ಕೇಳಿದೊಡನೆ ಸ್ಟಂಪ್ ಕೀಳಬೇಕು, ಅನಂತರ ಪುಸ್ತಕ. ಈ ಕರಾರು ಇದುವರೆಗೆ ಮುರಿದಿಲ್ಲ.

ಹೆತ್ತವರಲ್ಲಿ ನನ್ನದೊಂದು ವಿನಂತಿ. ಮಕ್ಕಳು ಹೇಗೂ ಆಡುತ್ತಾರೆ. ಕದ್ದು ಆಡುವುದಕ್ಕಿಂತ ನಮ್ಮ ಕಣ್ಣೆದುರು ಕಲಿತು ಆಡಲಿ. ಮೊನ್ನೆ ನಾನು ಹಾಕಿದ ಚೆಂಡನ್ನು ಮಗ ಕಣ್ಣು ಮಿಟುಕಿಸದೆ ನೋಡಿ, ನೇರ ಬ್ಯಾಟಿನಿಂದ ನನ್ನ ಕಾಲ ಬಳಿಗೇ ಉರುಳಿಸಿದ. ಅದಕ್ಕೆ ರನ್ ಇರಲಿಲ್ಲ. ಆದರೂ ನನ್ನ ಮನಸ್ಸು ತುಂಬಿ ಬಂತು.