ಒಂದು ಕಿಟ್ ಎಷ್ಟು ದಿನ?

2020ರ ಏಪ್ರಿಲ್. ಲಾಕ್‌ಡೌನ್ ಶುರುವಾಗಿ ಮೂರು ವಾರ ಕಳೆದಿತ್ತು. ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಚಂದಾ ಎತ್ತಿ ರೇಷನ್ ಕಿಟ್ ಕಟ್ಟುತ್ತಿದ್ದೆವು: ಅಕ್ಕಿ 5 ಕೆ.ಜಿ., ಗೋಧಿ ಹಿಟ್ಟು 5 ಕೆ.ಜಿ., ತೊಗರಿಬೇಳೆ 1 ಕೆ.ಜಿ., ಎಣ್ಣೆ, ಉಪ್ಪು, ಖಾರದ ಪುಡಿ, ಸಕ್ಕರೆ, ಚಹಾಪುಡಿ. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಸಿಕ್ಕಿಕೊಂಡಿದ್ದ ಒಬ್ಬ ತಾಯಿ ಚೀಲ ಎತ್ತಿ ನೋಡಿ ಕೇಳಿದಳು: ‘ಯಕ್ಕಾ, ಇದು ಎಷ್ಟ ದಿನ ಬರ್ತದ್ರಿ?’ ಗಂಡ, ಹೆಂಡತಿ, ಎರಡು ಮಕ್ಕಳು. ‘ಒಂದು ತಿಂಗಳು ಬರುತ್ತಮ್ಮ’ ಅಂದುಬಿಟ್ಟೆ.

ರಾತ್ರಿ ಮನಸ್ಸು ತಡೆಯಲಿಲ್ಲ. ಅಡುಗೆಮನೆಯ ತಕ್ಕಡಿ ತೆಗೆದೆ.

ಒಂದು ಊಟವೆಂದರೆ ಎಷ್ಟು? ಮಹಾರಾಷ್ಟ್ರ ಸರ್ಕಾರ ಅದೇ ವರ್ಷ ಜನವರಿ 26ರಂದು ಶುರುಮಾಡಿದ ಶಿವಭೋಜನ ಥಾಲಿಗೆ ಲಿಖಿತ ಅಳತೆ ಇತ್ತು: 30 ಗ್ರಾಂನ ಎರಡು ಚಪಾತಿ, 100 ಗ್ರಾಂ ಪಲ್ಯ, 150 ಗ್ರಾಂ ಅನ್ನ, 100 ಗ್ರಾಂ ಬೇಳೆ ಸಾರು. ಎಲ್ಲ ಸೇರಿ 410 ಗ್ರಾಂ. ಗಾರೆ ಕೆಲಸದವರಿಗೆ ಇದು ಹೊಟ್ಟೆ ತುಂಬುವ ಊಟವೇನಲ್ಲ. ಆದರೂ ಇದನ್ನೇ ಹಿಡಿದುಕೊಂಡೆ. 60 ಗ್ರಾಂ ಅಕ್ಕಿ ಬೆಂದರೆ 150 ಗ್ರಾಂ ಅನ್ನ. 5 ಕೆ.ಜಿ.ಗೆ 83 ತಟ್ಟೆ. ನಾಲ್ವರಿಗೆ ಎರಡು ಹೊತ್ತೆಂದರೆ ದಿನಕ್ಕೆ ಎಂಟು ತಟ್ಟೆ. ಅಕ್ಕಿ ಹತ್ತು ದಿನಕ್ಕೆ ಖಾಲಿ. ಚಪಾತಿಗೆ 20 ಗ್ರಾಂ ಹಿಟ್ಟಿನಂತೆ ಹಿಟ್ಟು ಹದಿನೈದು ದಿನ ಬಂದೀತು. ಬೇಳೆ ತಟ್ಟೆಗೆ 20 ಗ್ರಾಂ ಹಾಕಿದರೆ ಆರೇ ದಿನ. ಏಳನೆಯ ದಿನದಿಂದ ಆ ಮಕ್ಕಳಿಗೆ ಅನ್ನಕ್ಕೆ ಉಪ್ಪು, ಖಾರದ ಪುಡಿ.

ನಾನು ತಿಂಗಳು ಅಂದಿದ್ದೆ.

ಅಲ್ಲಿಂದ ಲೆಕ್ಕದ ಹುಚ್ಚು ಹತ್ತಿತು. ನಮ್ಮ ಸುತ್ತಲಿನ ಊರುಗಳವರೆಲ್ಲ ಕೈ ಜೋಡಿಸಿದರೆ ಎಷ್ಟಾದೀತು? 2011ರ ಜನಗಣತಿಯಲ್ಲಿ ಠಾಣೆ ನಗರದಲ್ಲಿ 18.4 ಲಕ್ಷ, ಕಲ್ಯಾಣ-ಡೊಂಬಿವಲಿಯಲ್ಲಿ 12.5 ಲಕ್ಷ, ನವಿ ಮುಂಬಯಿಯಲ್ಲಿ 11.2 ಲಕ್ಷ ಜನ. ಒಟ್ಟು ಸುಮಾರು 42 ಲಕ್ಷ. ನಮ್ಮೂರ ಕಡೆ ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ತೆಗೆದು ಮಠಕ್ಕೋ ಭಿಕ್ಷೆಗೋ ಎಂದು ಬೇರೆ ಡಬ್ಬಿಗೆ ಹಾಕುತ್ತಿದ್ದರು. ನನ್ನ ಹಿಡಿ ತೂಗಿದೆ, 50 ಗ್ರಾಂ. ಮನೆಗೆ ನಾಲ್ವರಂತೆ ಈ ಮೂರು ಊರುಗಳಲ್ಲಿ ಹತ್ತೂವರೆ ಲಕ್ಷ ಮನೆ. ಮನೆಗೊಂದು ಹಿಡಿ ಎಂದರೆ ದಿನಕ್ಕೆ 52,500 ಕೆ.ಜಿ. ಹತ್ತು ಟನ್ನಿನ ಲಾರಿ ಐದು ತುಂಬಿದ ಮೇಲೂ ಎರಡೂವರೆ ಟನ್ ಮಿಕ್ಕುತ್ತದೆ. ಅನ್ನದ ತಟ್ಟೆ 8,75,000! ನೂರರಲ್ಲಿ ಒಂದೇ ಮನೆ ಕೊಟ್ಟರೂ ದಿನಕ್ಕೆ 8,750 ತಟ್ಟೆ.

ಕಾಗದದ ಲೆಕ್ಕ ಎನ್ನಬೇಡಿ. ಶಾಲಾ ಮಕ್ಕಳಿಗೆ ಬಿಸಿಯೂಟ ಕೊಡುವ ಅಕ್ಷಯಪಾತ್ರೆ ಸಂಸ್ಥೆ 2000ದಲ್ಲಿ ಬೆಂಗಳೂರಿನ ಐದು ಸರ್ಕಾರಿ ಶಾಲೆಗಳ 1,500 ಮಕ್ಕಳಿಂದ ಶುರುವಾಯಿತು. ಈಗ 20 ಲಕ್ಷ ಮಕ್ಕಳನ್ನು ದಾಟಿದೆ. ಚಿಕ್ಕ ಮಗುವಿಗೆ ಬಿಸಿಯೂಟದ ಧಾನ್ಯ 100 ಗ್ರಾಂ. ಅಷ್ಟೇ ಹಿಡಿದರೂ ಶಾಲೆ ಇರುವ ಒಂದೊಂದು ದಿನಕ್ಕೂ 200 ಟನ್. ದಾನಿಗಳ ಹಣಕ್ಕೆ ಸರ್ಕಾರದ ಧಾನ್ಯ ಜೊತೆಯಾದದ್ದರಿಂದ ಆದ ಕೆಲಸ ಅದು.

ಆ ಜೊತೆಯನ್ನೇ ನಾನು ಮರೆತಿದ್ದೆ. ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ ಕುಟುಂಬದ ಒಬ್ಬರಿಗೆ ತಿಂಗಳಿಗೆ 5 ಕೆ.ಜಿ. ಧಾನ್ಯ. ಆ ಯಾದಗಿರಿಯ ನಾಲ್ವರಿಗೆ ಕಾರ್ಡ್ ಇದ್ದರೆ ತಿಂಗಳಿಗೆ 20 ಕೆ.ಜಿ., ವರ್ಷಕ್ಕೆ 240 ಕೆ.ಜಿ. ನಮ್ಮ ಕಿಟ್ಟಿನಲ್ಲಿದ್ದಂಥ ಐದು ಕೆ.ಜಿ.ಯ ಅಕ್ಕಿ ಚೀಲ 48! ಊರಿನ ಕಾರ್ಡ್ ಬೇರೆ ಊರಿನ ಅಂಗಡಿಯಲ್ಲೂ ನಡೆಯುವ ವ್ಯವಸ್ಥೆ 2020ರ ಜನವರಿ 1ರಂದೇ ಕರ್ನಾಟಕ, ಮಹಾರಾಷ್ಟ್ರ ಸೇರಿ 12 ರಾಜ್ಯಗಳಿಗೆ ಬಂದಿತ್ತು. ಕಾರ್ಡಿಗೆ ಆಧಾರ್ ಜೋಡಣೆಯಾಗಿರಬೇಕು, ಅಂಗಡಿಯ ಯಂತ್ರದಲ್ಲಿ ಹೆಬ್ಬೆಟ್ಟು ಹೊಂದಬೇಕು, ಅಷ್ಟೇ. ಮನೆಯ ಅರ್ಧ ಮಂದಿ ಇಲ್ಲಿ ತಮ್ಮ ಪಾಲು ಪಡೆದು, ಊರಲ್ಲಿರುವ ಅಪ್ಪ-ಅವ್ವ ಉಳಿದದ್ದನ್ನು ಅಲ್ಲೇ ಪಡೆಯಬಹುದು. ಈ ಮಾತನ್ನು ಆ ತಾಯಿಗೆ ನಾನೂ ಹೇಳಲಿಲ್ಲ, ಬೇರೆ ಯಾರೂ ಹೇಳಿರಲಿಲ್ಲ. 2023ರ ಜನವರಿಯಿಂದಂತೂ ಆ ಧಾನ್ಯಕ್ಕೆ ಒಂದು ಪೈಸೆಯೂ ಕೊಡಬೇಕಿಲ್ಲ.

ಈಗ ಯಾರೇ ಬಂದರೂ ನಮ್ಮ ಮೊದಲ ಪ್ರಶ್ನೆ, ‘ಕಾರ್ಡ್ ಎಲ್ಲಿದೆ?’ ಊರಲ್ಲಿದ್ದರೆ ಫೋನ್ ಮಾಡಿಸಿ ನಂಬರ್ ತರಿಸುತ್ತೇವೆ, ಒಬ್ಬರು ಜೊತೆಗೆ ರೇಷನ್ ಅಂಗಡಿಯವರೆಗೂ ಹೋಗುತ್ತಾರೆ. ಕಾರ್ಡೇ ಇಲ್ಲದವರಿಗೆ ಅಕ್ಕಿ, ಹಿಟ್ಟು ಎರಡೂ ಕೊಡುತ್ತೇವೆ. ಉಳಿದವರ ಕಿಟ್ಟಿನಿಂದ ಅಕ್ಕಿ ತೆಗೆದೆವು. ದಿನಕ್ಕೆ ಎಂಟು ತಟ್ಟೆ, ತಟ್ಟೆಗೆ 20 ಗ್ರಾಂ ಬೇಳೆ, ಮೂವತ್ತು ದಿನ: 4 ಕೆ.ಜಿ. 800 ಗ್ರಾಂ. ಕಿಟ್ಟಿನಲ್ಲೀಗ ತೊಗರಿಬೇಳೆ ಐದು ಕೆ.ಜಿ.